ಹೊಸ ಇಂಡೀ ರಾಕ್, ಎಲೆಕ್ಟ್ರಾನಿಕ್ ಪಾಪ್ ನೀವೆಲ್ಲ ಹುಡುಕೋದು ಹೇಗೆ? ಆ್ಯಪ್ ಬರೀ ಕೇಳಿದ್ದನ್ನೇ ಕೇಳಿಸುತ್ತಿದೆ

ನವನಗರ_ನಾಯ್ಸ್

ನಮಸ್ಕಾರ ಎಲ್ಲರಿಗೂ. ಮನೆ ಹುಬ್ಬಳ್ಳಿ ನವನಗರ, ಕೆಲಸ ಧಾರವಾಡ. ಹೋಗುವಾಗ ಬರುವಾಗ ಚಿಗರಿ ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಕೂತರೆ ಅದೇ ನನ್ನ ಹಾಡು ಕೇಳುವ ಹೊತ್ತು. ಮನೆಗೆ ಬಂದ ಮೇಲೆ ಟಿವಿಯ ಮುಂದೆ ಯಾರದೂ ನಡೆಯೋದಿಲ್ಲ.

ಕೇಳೋದು ಇಂಡೀ ರಾಕ್, ಅಂದರೆ ದೊಡ್ಡ ಕಂಪನಿಗಳ ಹೊರಗೆ ಸ್ವತಂತ್ರವಾಗಿ ಮಾಡುವ ರಾಕ್, ಮತ್ತು ಎಲೆಕ್ಟ್ರಾನಿಕ್ ಪಾಪ್. ಟೇಮ್ ಇಂಪಾಲಾ, ಬೀಚ್ ಹೌಸ್, ಚರ್ಚಸ್, ನಮ್ಮ ದೇಶದವರಲ್ಲಿ ದಿಲ್ಲಿಯ ಪೀಟರ್ ಕ್ಯಾಟ್ ರೆಕಾರ್ಡಿಂಗ್ ಕೋ. ಇವರ ಹಾಡೆಲ್ಲ ಬಾಯಿಪಾಠ ಆಗಿವೆ, ಹೊಸದು ಬೇಕು. ಆದರೆ ನಾನು ಬಳಸುವ ಆ್ಯಪ್ ಏನು ಮಾಡುತ್ತದೆ ಅಂದರೆ, ಹೊಸ ಹಾಡು ಅಂತ ಒಂದು ಪಟ್ಟಿ ಕೊಡುತ್ತದೆ, ತೆರೆದು ನೋಡಿದರೆ ಅರ್ಧ ನಾನು ಈಗಾಗಲೇ ಕೇಳಿದ್ದು, ಉಳಿದರ್ಧ ಅದರ ನಕಲು. ಅದೇ ತೇಲುವ ಗಿಟಾರ್, ಅದೇ ನಿದ್ದೆಗಣ್ಣಿನ ದನಿ. ಕೇಳುತ್ತಾ ಕೇಳುತ್ತಾ ಯಾವ ಹಾಡು ಎಲ್ಲಿ ಮುಗಿಯಿತು ಅಂತಾನೇ ಗೊತ್ತಾಗೋದಿಲ್ಲ.

ಇನ್ನೊಂದು ತೊಂದರೆ, ಅಕೌಂಟ್ ಮನೆಯವರೆಲ್ಲರದು. ಅವ್ವ ಬೆಳಗ್ಗೆ ವಚನ ಹಾಕುತ್ತಾಳೆ, ಅಕ್ಕನ ಮಗಳಿಗೆ ಸಂಜೆ ಮಕ್ಕಳ ಹಾಡು ಬೇಕು. ಹಾಗಾಗಿ ಸಿಂಥ್ (ಸಿಂಥಸೈಜರ್, ವಿದ್ಯುತ್ತಿನಿಂದ ದನಿ ಹೊರಡಿಸುವ ವಾದ್ಯ) ಪಾಪ್ ನಡುವೆ ಒಮ್ಮೊಮ್ಮೆ ಮಗ್ಗಿ ಬಂದುಬಿಡುತ್ತದೆ. ಎರಡು ಎಂಟಲೇ ಹದಿನಾರು.

ಬ್ಯಾಂಡ್‌ಗಳ ಪಟ್ಟಿ ಕೇಳುತ್ತಿಲ್ಲ. ಹತ್ತು ಹೆಸರು ಕೊಟ್ಟರೆ ಹತ್ತು ಮುಗಿದ ಮೇಲೆ ಮತ್ತೆ ನಿಮ್ಮ ಬಾಗಿಲಿಗೇ ಬರಬೇಕು. ಹುಡುಕುವ ದಾರಿ ಹೇಳಿ. ದುಡ್ಡು ಜಾಸ್ತಿ ಹಾಕಲಾರೆ. ಮತ್ತೆ ಹುಬ್ಬಳ್ಳಿ-ಧಾರವಾಡದಲ್ಲಿ ಇಂಥದ್ದು ಕೇಳುವ ಮಂದಿ ಎಲ್ಲಾದರೂ ಸೇರುತ್ತಾರಾ? ಆಫೀಸಿನಲ್ಲಿ ಹೇಳಿದರೆ "ಇಂಗ್ಲಿಷ್ ಹಾಡಾ?" ಅಂತಾರೆ, ಅಲ್ಲಿಗೆ ಮಾತು ಮುಗಿಯಿತು.

ಗಿರ್ಮಿಟ್_ಪ್ಲೀಸ್

ರಾತ್ರಿ ಹನ್ನೆರಡರ ಮೇಲೆ ಯೂಟ್ಯೂಬ್ ಹಚ್ಚಿಕೊಂಡು ಕೂತುಕೊ ತಮ್ಮ, ತಾನಾಗೇ ಎಲ್ಲೋ ಹೋಗಿ ಮುಟ್ಟುತ್ತೀಯ. ನಾನು ಹಾಗೇ ಒಂದು ಜಪಾನಿ ಬ್ಯಾಂಡ್ ಹತ್ತಿರ ಹೋದೆ. ಭಾರೀ ಇದೆ. ಹೆಸರು ಓದಲಿಕ್ಕೆ ಬರೋದಿಲ್ಲ, ಹಾಗಾಗಿ ನಿನಗೆ ಹೇಳಲಿಕ್ಕೂ ಬರೋದಿಲ್ಲ.

ಸಪ್ತಾಪುರ_ಸಿಂಥ್

ಮೊದಲು ಅಕೌಂಟ್ ಬೇರೆ ಮಾಡಿಕೊಳ್ಳಿ. ಆಗದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಹುಡುಕಿ. ಯೂಟ್ಯೂಬ್‌ನಲ್ಲಿ ನೋಡಿದ್ದರ ದಾಖಲೆ ನಿಲ್ಲಿಸಬಹುದು. ಸ್ಪಾಟಿಫೈ ಇದ್ದವರು ಒಂದು ಪ್ಲೇಲಿಸ್ಟನ್ನು ತಮ್ಮ ರುಚಿಯ ಲೆಕ್ಕದಿಂದ ಹೊರಗೆ ಇಡಬಹುದು. ಅವ್ವನ ವಚನ, ಪಾಪುವಿನ ಮಗ್ಗಿ ಎರಡನ್ನೂ ಹಾಗೆ ಹೊರಗೆ ಇಡಿ, ಅರ್ಧ ಕಿರಿಕಿರಿ ಕಡಿಮೆ ಆಗುತ್ತದೆ.

ಆದರೂ ಆ್ಯಪ್ ನಿಮ್ಮನ್ನು ದೂರ ಕರೆದೊಯ್ಯುವುದಿಲ್ಲ. ಅದು ಹೆಚ್ಚಾಗಿ ನೋಡುವುದು ಇಷ್ಟೇ: ಈ ಹಾಡು ಕೇಳಿದ ಬೇರೆ ಮಂದಿ ಇನ್ನೇನು ಕೇಳಿದರು, ಯಾವ ಯಾವ ಹಾಡನ್ನು ಒಂದೇ ಪಟ್ಟಿಗೆ ಸೇರಿಸಿದರು. ಲಕ್ಷಗಟ್ಟಲೆ ಜನ ಕೇಳಿದ ಹಾಡಿನ ಬಗ್ಗೆ ಅದರ ಹತ್ತಿರ ರಾಶಿ ಮಾಹಿತಿ ಇರುತ್ತದೆ. ಹೋದ ವಾರ ಯಾರೋ ತಮ್ಮ ರೂಮಿನಲ್ಲಿ ರೆಕಾರ್ಡ್ ಮಾಡಿ ಹಾಕಿದ್ದರ ಬಗ್ಗೆ ಹೆಚ್ಚೇನೂ ಇರುವುದಿಲ್ಲ. ಹಾಗಾಗಿ ನಿಜವಾಗಿ ಹೊಸದು ಸರದಿಯಲ್ಲಿ ಹಿಂದೆ ನಿಲ್ಲುತ್ತದೆ. ಮೇಲಾಗಿ ಶುರುವಿನಲ್ಲೇ ದಾಟಿಸಿದ ಹಾಡನ್ನು ನಿಮಗೆ ಬೇಡದ್ದು ಅಂತ ಲೆಕ್ಕಕ್ಕೆ ಹಿಡಿಯುತ್ತದೆ. ಹೊಸ ಥರದ ಹಾಡು ಮೊದಲ ಸಲಕ್ಕೆ ಕಿವಿಗೆ ಒಗ್ಗೋದಿಲ್ಲ ಅಲ್ವಾ, ನಾವು ದಾಟಿಸುತ್ತೇವೆ, ಅದು ಅಂಥದ್ದನ್ನು ತರುವುದು ಕಡಿಮೆ ಮಾಡುತ್ತದೆ, ಕೊನೆಗೆ ನಮಗೆ ಆಗಲೇ ಗೊತ್ತಿರುವುದೇ ಉಳಿಯುತ್ತದೆ.

ನನ್ನ ದಾರಿ ಹೇಳುತ್ತೇನೆ. ದನಿಯ ಹಿಂದೆ ಹೋಗಬೇಡಿ, ಜನರ ಹಿಂದೆ ಹೋಗಿ. ಆಲ್ಬಮ್ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರಲ್ಲ, ಪ್ರೊಡ್ಯೂಸರ್ ಯಾರು, ಲೇಬಲ್ (ಆಲ್ಬಮ್ ಹೊರತರುವ ಕಂಪನಿ) ಯಾವುದು, ಡ್ರಮ್ಸ್ ಯಾರು ಬಾರಿಸಿದರು, ಅದನ್ನು ಓದಿ. ನಿಮ್ಮ ಹೆಸರುಗಳನ್ನೇ ತೆಗೆದುಕೊಳ್ಳೋಣ. ಟೇಮ್ ಇಂಪಾಲಾ ಅಂದರೆ ಸ್ಟುಡಿಯೋದಲ್ಲಿ ಹೆಚ್ಚುಕಡಿಮೆ ಕೆವಿನ್ ಪಾರ್ಕರ್ ಒಬ್ಬನೇ. ಅವನು ಆಸ್ಟ್ರೇಲಿಯಾದ ಪರ್ತ್ ಊರಿನವನು, ಅಲ್ಲಿನ ಪಾಂಡ್ ಅನ್ನುವ ಬ್ಯಾಂಡ್‌ನಲ್ಲಿ ಡ್ರಮ್ಸ್ ಬಾರಿಸುತ್ತಿದ್ದ. ಪಾಂಡ್ ಕೇಳಿದರೆ ಆ ಊರಿನ ಇಡೀ ಗೆಳೆಯರ ಗುಂಪು ಸಿಗುತ್ತದೆ. ಬೀಚ್ ಹೌಸ್ ಬಾಲ್ಟಿಮೋರ್‌ನವರು, ಆದರೆ ಅವರ ಲೇಬಲ್ ಸಿಯಾಟಲ್‌ನ ಸಬ್ ಪಾಪ್. ನಿರ್ವಾಣ ಅನ್ನುವ ರಾಕ್ ಬ್ಯಾಂಡ್‌ನ ಮೊದಲ ಆಲ್ಬಮ್ 1989ರಲ್ಲಿ ತಂದವರೂ ಅವರೇ. ಒಂದೇ ಲೇಬಲ್, ಅಲ್ಲಿ ಅಷ್ಟು ಗದ್ದಲ, ಇಲ್ಲಿ ಇಷ್ಟು ಮೆಲ್ಲಗೆ. ಇದನ್ನು ಯಾವ ಆ್ಯಪ್ ಜೋಡಿಸಿ ಕೊಡುತ್ತದೆ ಹೇಳಿ.

ಪೀಟರ್ ಕ್ಯಾಟ್‌ನಲ್ಲಿ ಹಾಡುವ ಸೂರ್ಯಕಾಂತ್ ಸಾಹ್ನಿ ಒಬ್ಬರೇ ಮಾಡುವ ಎಲೆಕ್ಟ್ರಾನಿಕ್ ಕೆಲಸಕ್ಕೆ ಲಿಫಾಫಾ ಅಂತ ಹೆಸರು. ನೀವು ಕೇಳಿದ್ದು ರಾಕ್ ಮತ್ತು ಎಲೆಕ್ಟ್ರಾನಿಕ್ ಪಾಪ್ ಎರಡೂ, ಈ ಒಬ್ಬ ಮನುಷ್ಯನಲ್ಲೇ ಎರಡೂ ಇವೆ. ಇವತ್ತೇ ಕೇಳಿ.

ಧಾರವಾಡದವರಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಭೀಮಸೇನ ಜೋಶಿ ಇಷ್ಟವಾದವರು ಅವರ ಗುರು ಯಾರು ಅಂತ ಕೇಳಿಕೊಂಡು ಕುಂದಗೋಳದ ಸವಾಯಿ ಗಂಧರ್ವರ ಹತ್ತಿರ ಹೋಗುತ್ತಾರೆ, ಅದೇ ಗುರುವಿನ ಇನ್ನೊಬ್ಬ ಶಿಷ್ಯೆ ಅಂತ ಗಂಗೂಬಾಯಿ ಹಾನಗಲ್ ಸಿಗುತ್ತಾರೆ, ಹಿಂದಕ್ಕೆ ಹೋದರೆ ಅಬ್ದುಲ್ ಕರೀಂ ಖಾನ್. ಘರಾನಾ ಹಿಡಿದು ಕೇಳಿದ ಹಾಗೆ ಲೇಬಲ್ ಹಿಡಿದು ಕೇಳಿ. ಗಿಟಾರ್ ಬೇಕಾದರೆ ಬ್ರೂಕ್ಲಿನ್‌ನ ಕ್ಯಾಪ್ಚರ್ಡ್ ಟ್ರ್ಯಾಕ್ಸ್, ನ್ಯೂಜಿಲೆಂಡಿನ ಫ್ಲೈಯಿಂಗ್ ನನ್. ಸಿಂಥ್ ಬೇಕಾದರೆ 1989ರಲ್ಲಿ ಶೆಫೀಲ್ಡ್‌ನಲ್ಲಿ ಶುರುವಾದ ವಾರ್ಪ್, ಅಮೆರಿಕದ ಘೋಸ್ಟ್ಲಿ. ಗಿಟಾರ್ ಹೇಗೆ ಸಿಂಥ್ ಆಯಿತು ಅಂತ ನೋಡಬೇಕಾದರೆ ಮ್ಯಾಂಚೆಸ್ಟರ್‌ನ ಫ್ಯಾಕ್ಟರಿ ಅನ್ನುವ ಲೇಬಲ್. 1980ರಲ್ಲಿ ಅಲ್ಲಿನ ಬ್ಯಾಂಡ್ ಜಾಯ್ ಡಿವಿಷನ್‌ನ ಹಾಡುಗಾರ ತೀರಿಕೊಂಡ, ಉಳಿದವರು ನ್ಯೂ ಆರ್ಡರ್ ಅಂತ ಹೆಸರಿಟ್ಟುಕೊಂಡು ಡ್ರಮ್ ಮೆಷಿನ್, ಸೀಕ್ವೆನ್ಸರ್ (ಸ್ವರಗಳನ್ನು ತಾನಾಗಿ ನುಡಿಸುವ ಯಂತ್ರ) ಹಿಡಿದರು. ನಿಮ್ಮ ಚರ್ಚಸ್‌ನ ಬೇರು ಹುಡುಕುತ್ತಾ ಹೋದರೆ ಆ ಓಣಿಗೇ ಬರುತ್ತೀರಿ.

ಗದಗ_ಪ್ಯಾಸೆಂಜರ್

ಸಪ್ತಾಪುರದವರು ಹೇಳಿದ್ದು ಸರಿ, ಆದರೆ ಅದಕ್ಕೆ ಕೂತು ಓದುವ ಹೊತ್ತು ಬೇಕು. ನಾನು ಗದಗಿನಲ್ಲಿ ಪ್ರೆಸ್ಸಿನಲ್ಲಿ ಡಿಟಿಪಿ ಮಾಡುತ್ತೇನೆ. ಕೈಗೂ ಕಣ್ಣಿಗೂ ಕೆಲಸ, ಕಿವಿಗೆ ಮಾತ್ರ ಬಿಡುವು. ಲಗ್ನಪತ್ರಿಕೆ ಸೀಸನ್ ಬಂತೆಂದರೆ ತಲೆ ಎತ್ತಲಿಕ್ಕೆ ಆಗೋದಿಲ್ಲ. ನನಗೆ ಆಗಿಬಂದದ್ದು ರೇಡಿಯೋ.

ರೇಡಿಯೋ ಅಂದರೆ ನಗಬೇಡಿ. ಧಾರವಾಡ ಆಕಾಶವಾಣಿ ಕೇಳಿ ಬೆಳೆದ ಮನೆಗಳು ನಮ್ಮವು, ಆ ನಿಲಯ 1950ರಿಂದ ಇದೆ. ರೇಡಿಯೋದ ಗುಣ ಏನೆಂದರೆ ದಾಟಿಸುವ ಬಟನ್ ಇಲ್ಲ. ಬೇಡದ ಹಾಡೂ ಮುಗಿಯುವ ತನಕ ಕೇಳಬೇಕು, ಹಾಗೆ ಕೇಳಿದಾಗಲೇ ಕೆಲವು ಹಾಡು ಹಿಡಿಸೋದು. ಇನ್ನೊಂದು, ಆ ಹಾಡು ಆರಿಸಿದ ಮನುಷ್ಯ ಒಬ್ಬ ಇರುತ್ತಾನೆ, ಯಾಕೆ ಆರಿಸಿದೆ ಅಂತ ಎರಡು ಮಾತು ಹೇಳುತ್ತಾನೆ.

ಸಿಯಾಟಲ್‌ನ ಕೆಇಎಕ್ಸ್‌ಪಿ ಕೇಳಿ. ಜಾಹೀರಾತು ಕಂಪನಿಗಳ ಕೈಯಲ್ಲಿಲ್ಲ, ಹೆಚ್ಚಾಗಿ ಕೇಳುಗರು ಕೊಡುವ ದುಡ್ಡಿನಿಂದ ನಡೆಯುವ ನಿಲಯ. ಅಲ್ಲಿ ಬೆಳಗಿನ ಏಳು ಅಂದರೆ ನಮಗೆ ಸಂಜೆ ಏಳೂವರೆ, ಅವರ ಚಳಿಗಾಲದಲ್ಲಿ ಎಂಟೂವರೆ. ಅವರು ಎದ್ದು ಕಾಫಿ ಕುಡಿಯುವ ಹೊತ್ತಿನ ಕಾರ್ಯಕ್ರಮ ನಾನು ರೊಟ್ಟಿ ಬಡಿಯುತ್ತಾ ಕೇಳುತ್ತೇನೆ. ಈಗ ಬರುತ್ತಿರುವ ಹಾಡು ಯಾವುದು, ಯಾವ ಲೇಬಲ್ ಅಂತ ವೆಬ್‌ಸೈಟಿನಲ್ಲೇ ಕಾಣುತ್ತದೆ, ಎಷ್ಟೋ ಸಲ ಹಾಡಿನ ಬಗ್ಗೆ ಸಣ್ಣ ಟಿಪ್ಪಣಿಯೂ ಇರುತ್ತದೆ. ತಪ್ಪಿಸಿಕೊಂಡಿದ್ದನ್ನು ಎರಡು ವಾರದ ತನಕ ಮತ್ತೆ ಕೇಳಬಹುದು. ನೇರ ಹಾಡಿಸಿ ಯೂಟ್ಯೂಬ್‌ಗೆ ಹಾಕುವ ಸೆಷನ್‌ಗಳಂತೂ ಒಂದು ಗಣಿ. ಆಲ್ಟಿನ್ ಗ್ಯುನ್ ನನಗೆ ಅಲ್ಲೇ ಸಿಕ್ಕಿದ್ದು. ಆಮ್‌ಸ್ಟರ್‌ಡ್ಯಾಮ್‌ನ ಬ್ಯಾಂಡ್, ಹಾಡುವುದು ಟರ್ಕಿಯ ಜಾನಪದ, ಕೆಳಗೆ ಬೇಸ್ ಗಿಟಾರ್ ಮತ್ತು ಸಿಂಥ್. ಭಾಷೆ ಒಂದಕ್ಷರ ತಿಳಿಯುವುದಿಲ್ಲ, ತಲೆ ಮಾತ್ರ ಅಲ್ಲಾಡುತ್ತದೆ.

ಎಲೆಕ್ಟ್ರಾನಿಕ್‌ಗೆ ಲಂಡನ್ನಿನ ಎನ್‌ಟಿಎಸ್. 2011ರಲ್ಲಿ ಶುರು ಮಾಡಿದ್ದು, ಎರಡು ಚಾನೆಲ್ ಇವೆ. ಒಬ್ಬೊಬ್ಬರದು ಒಂದೊಂದು ಹುಚ್ಚು. ಒಂದು ತಾಸು ಪೂರ್ತಿ ಬರೀ ಗುಂಯ್ ಅನ್ನುವ ಸದ್ದು ಹಾಕುವವರೂ ಇದ್ದಾರೆ, ನಾನಂತೂ ಆಗ ಎದ್ದು ಚಹಾ ಮಾಡಿಕೊಳ್ಳುತ್ತೇನೆ. ಆದರೆ ಹಳೆಯ ಕಾರ್ಯಕ್ರಮಗಳೆಲ್ಲ ಹಾಡಿನ ಹೆಸರಿನ ಸಮೇತ ಅಲ್ಲೇ ಉಳಿಯುತ್ತವೆ, ಅದು ದೊಡ್ಡ ಉಪಕಾರ. ನಮ್ಮ ದೇಶದ್ದು ಬೇಕಾದರೆ ದಿಲ್ಲಿಯ ಬಾಕ್ಸ್‌ಔಟ್ ಎಫ್‌ಎಂ ಇದೆ, ಅದೂ ಇಂಟರ್‌ನೆಟ್ ರೇಡಿಯೋನೇ.

ಡೇಟಾ ಖರ್ಚಿನ ಹೆದರಿಕೆ ಇದ್ದರೆ ಹೇಳುತ್ತೇನೆ, 128 ಕೆಬಿಪಿಎಸ್ ಸ್ಟ್ರೀಮ್ ತಾಸಿಗೆ ಸುಮಾರು 58 ಎಂಬಿ ತಿನ್ನುತ್ತದೆ. ರೀಲ್ಸ್ ನೋಡುವುದಕ್ಕೆ ಹೋಲಿಸಿದರೆ ಏನೂ ಅಲ್ಲ.

ನವನಗರ_ನಾಯ್ಸ್

ಅಕ್ಕಾ, ರೇಡಿಯೋ ಕೆಲಸ ಮಾಡಿತು. ಬಸ್ಸಿನಲ್ಲಿ ಕೆಇಎಕ್ಸ್‌ಪಿಯ ಹಿಂದಿನ ದಿನದ ಕಾರ್ಯಕ್ರಮ ಹಾಕಿಕೊಂಡೆ, ಟೋಲ್ ನಾಕಾ ಬರುವುದರೊಳಗೆ ಎರಡು ಹೆಸರು ಬರೆದುಕೊಂಡೆ. ಲಿಫಾಫಾನೂ ಕೇಳಿದೆ. ಪೀಟರ್ ಕ್ಯಾಟ್‌ನಲ್ಲಿ ಮದುವೆ ಮನೆಯ ಬ್ಯಾಂಡಿನಂಥ ತುತ್ತೂರಿ ಎಲ್ಲಾ ಇರುತ್ತದಲ್ಲ, ಇಲ್ಲಿ ಅದೇ ಗಂಟಲು, ಆದರೆ ಹಿಂದಿ, ಹಿಂದೆ ಬರೀ ಬೀಟ್ ಮತ್ತು ತುಂಡು ತುಂಡು ಹಳೇ ದನಿ. ಮೊದಲು ಏನಿದು ಅನಿಸಿತು, ಈಗ ಬಿಡಲಿಕ್ಕೆ ಆಗುತ್ತಿಲ್ಲ.

ಒಂದು ಪ್ರಶ್ನೆ. ಎಲ್ಲಿ ಹೋದರೂ ಬ್ಯಾಂಡ್‌ಕ್ಯಾಂಪ್ ಅನ್ನುವ, ಹಾಡು ಮಾರುವ ಸೈಟಿನ ಲಿಂಕ್ ಕಾಣುತ್ತದೆ. ಅಲ್ಲಿ ದುಡ್ಡು ಕೊಟ್ಟೇ ಕೇಳಬೇಕಾ? ನನ್ನ ಕಾರ್ಡ್ ಹಾಕಿದರೆ ಆಗಲಿಲ್ಲ ಅಂತ ಬರುತ್ತದೆ.

ಹಾವೇರಿ_ಏಲಕ್ಕಿ

ಸುಮ್ನೆ ಕೇಳಲಿಕ್ಕೆ ದುಡ್ಡು ಬೇಡ. ಹೆಚ್ಚಿನ ಆಲ್ಬಮ್ ಪೂರ್ತಿ ಕೇಳಬಹುದು. ಕೆಲವರು ಒಂದಷ್ಟು ಸಲ ಕೇಳಿದ ಮೇಲೆ ಕೊಂಡುಕೊಳ್ಳಿ ಅಂತ ಇಟ್ಟಿರುತ್ತಾರೆ. ಕೆಲವು ಬ್ಯಾಂಡ್‌ಗಳು ಬೆಲೆ ನಿಮಗೆ ಬಿಟ್ಟಿದ್ದು ಅಂತಾವೆ, ಸೊನ್ನೆ ಹಾಕಿದರೂ ಡೌನ್‌ಲೋಡ್ ಆಗುತ್ತದೆ. ಸೊನ್ನೆ ಹಾಕಬೇಡಿ, ಆದಷ್ಟು ಕೊಡಿ.

ಕಾರ್ಡ್ ವಿಷಯ. 2020ರ ಮಾರ್ಚ್‌ನಿಂದ ಆರ್‌ಬಿಐ ನಿಯಮದ ಪ್ರಕಾರ ಹೊಸ ಕಾರ್ಡ್‌ಗಳಲ್ಲಿ ವಿದೇಶಿ ವ್ಯವಹಾರ ಮೊದಲಿಗೆ ಬಂದ್ ಇರುತ್ತದೆ, ನಾವೇ ಬ್ಯಾಂಕ್ ಆ್ಯಪ್‌ಗೆ ಹೋಗಿ ಆನ್ ಮಾಡಬೇಕು. ಮಿತಿಯನ್ನು ಸಾವಿರ ರೂಪಾಯಿಗೆ ಇಟ್ಟುಕೊಳ್ಳಿ, ಕೆಲಸ ಆದ ಕೂಡಲೇ ಮತ್ತೆ ಬಂದ್ ಮಾಡಿ. ಡೆಬಿಟ್ ಕಾರ್ಡ್‌ನಲ್ಲಿ ರುಪೇ ಇದ್ದರೆ ಒಮ್ಮೊಮ್ಮೆ ಹೊರಗಿನ ಸೈಟ್ ತೆಗೆದುಕೊಳ್ಳುವುದಿಲ್ಲ. ಡಿಸ್ಕ್, ಟೀಶರ್ಟ್ ತರಿಸುವ ಆಸೆ ಬೇಡ, ಅಂಚೆ ಖರ್ಚು ಮತ್ತು ಕಸ್ಟಮ್ಸ್ ಸೇರಿ ವಸ್ತುವಿನ ಬೆಲೆಯನ್ನೇ ಮೀರಿಸುತ್ತದೆ. ಡಿಜಿಟಲ್ ಸಾಕು.

ಯಾಕೆ ಅಲ್ಲಿ ಕೊಳ್ಳಬೇಕು ಅಂದರೆ, ಡಿಜಿಟಲ್ ಮಾರಾಟದಲ್ಲಿ ಬ್ಯಾಂಡ್‌ಕ್ಯಾಂಪ್ ಹಿಡಿದುಕೊಳ್ಳುವುದು 15 ಪರ್ಸೆಂಟ್, ಪಾವತಿ ಶುಲ್ಕ ಹೋಗಿ ಉಳಿದದ್ದು ಹಾಡಿದವರಿಗೆ ಅಥವಾ ಅವರ ಲೇಬಲ್‌ಗೆ. ಕೋವಿಡ್ ಬಂದ 2020ರ ಮಾರ್ಚ್‌ನಿಂದ ಕೆಲವು ಶುಕ್ರವಾರಗಳಲ್ಲಿ ಆ ಪಾಲನ್ನೂ ಬಿಟ್ಟುಕೊಡುತ್ತಾರೆ, ನಾನು ಆ ಶುಕ್ರವಾರಕ್ಕೆ ಅಂತಾನೇ ಕಾದಿಟ್ಟುಕೊಳ್ಳುತ್ತೇನೆ. ಆ ಕಡೆ ಸ್ಪಾಟಿಫೈನಲ್ಲಿ 2024ರಿಂದ ಒಂದು ಹಾಡು ಹಿಂದಿನ 12 ತಿಂಗಳಲ್ಲಿ ಸಾವಿರ ಸಲ ಕೇಳಿಸಿಕೊಳ್ಳದಿದ್ದರೆ ಅದಕ್ಕೆ ರಾಯಲ್ಟಿಯೇ ಇಲ್ಲ. ಹೊಸ ಬ್ಯಾಂಡ್‌ಗೆ ಸಾವಿರ ಅಂದರೆ ಸಣ್ಣ ಮಾತಲ್ಲ.

ಹುಡುಕುವ ವಿಷಯಕ್ಕೆ ಬಂದರೆ, ಅಲ್ಲಿ ಜನ ಹೆಚ್ಚು ಬಳಸದ ಒಂದು ಬಾಗಿಲಿದೆ. ಆಲ್ಬಮ್ ಪುಟದಲ್ಲಿ ಅದನ್ನು ಕೊಂಡವರ ಪುಟ್ಟ ಪುಟ್ಟ ಚಿತ್ರ ಇರುತ್ತವೆ. ಒಂದನ್ನು ಒತ್ತಿದರೆ ಆ ಮನುಷ್ಯ ಇನ್ನೇನು ಕೊಂಡಿದ್ದಾನೆ ಅಂತ ಪೂರ್ತಿ ಕಾಣುತ್ತದೆ. ಬಿಟ್ಟಿ ಕೇಳಿ ಹೋದವನಲ್ಲ, ಕೈಯಿಂದ ದುಡ್ಡು ಬಿಚ್ಚಿದವನು. ನಿಮ್ಮ ರುಚಿಯ ಮೂರು ನಾಲ್ಕು ಆಲ್ಬಮ್ ಯಾರ ಹತ್ತಿರ ಇವೆಯೋ ಅಂಥವನನ್ನು ಹಿಡಿದರೆ ತಿಂಗಳುಗಟ್ಟಲೆ ಸಾಕಾಗುವಷ್ಟು ಸಿಗುತ್ತದೆ. ನಾನು ಬೆನ್ನು ಹತ್ತಿರುವ ಒಬ್ಬ ಪೋಲೆಂಡ್‌ನವನು, ಅವನಿಗೂ ನನಗೂ ಒಂದು ಮಾತೂ ಆಗಿಲ್ಲ, ಆದರೆ ಅವನು ಕೊಂಡದ್ದನ್ನೆಲ್ಲ ನಾನು ಕೇಳುತ್ತೇನೆ. ಊರಿನ ಹೆಸರು ಹಾಕಿಯೂ ಹುಡುಕಬಹುದು. ಬೆಂಗಳೂರು ಅಂತ ಹಾಕಿ ನೋಡಿ. ಸಲ್ಕ್ ಸ್ಟೇಷನ್ ಅನ್ನುವ ಜೋಡಿ ನನಗೆ ಹಾಗೇ ಸಿಕ್ಕಿತು, ನಿಧಾನದ ಎಲೆಕ್ಟ್ರಾನಿಕ್, ಹೆಣ್ಣುದನಿಯಲ್ಲಿ ನಮ್ಮ ಕಡೆಯ ಆಲಾಪದ ನೆರಳು.

ಗದಗಿನ ಅಕ್ಕ ಟರ್ಕಿ ಜಾನಪದ ಅಂದರು. ನಮ್ಮ ಜಿಲ್ಲೆಯ ಶಿಶುನಾಳದ ಶರೀಫಜ್ಜನ ಪದ 2008ರಲ್ಲೇ ರಘು ದೀಕ್ಷಿತ್ ಮೊದಲ ಆಲ್ಬಮ್‌ನಲ್ಲಿ ಗಿಟಾರ್ ಹಿಡಿದು ಹಾಡಿದರು. ಅದು ಕೇಳಿದವರು ಇಂಡೀ ಅಂದರೆ ಪರದೇಶದ್ದು ಅನ್ನೋದಿಲ್ಲ.

ಮಾಳಮಡ್ಡಿ_ಮಾಸ್ತರ

ಎಲ್ಲಾ ಓದಿದೆ. ನನ್ನದು ಸ್ವಲ್ಪ ಅಡ್ಡ ಮಾತು, ಬೇಸರ ಮಾಡಿಕೊಳ್ಳಬೇಡಿ.

ಹುಡುಕುವ ದಾರಿ ಇಷ್ಟೊಂದು ಹೇಳಿದಿರಿ, ಕೇಳುವ ಹೊತ್ತಿನ ಬಗ್ಗೆ ಯಾರೂ ಹೇಳಲಿಲ್ಲ. ನವನಗರದವರಿಗೆ ಎಲ್ಲಾ ಒಂದೇ ಥರ ಕೇಳಿಸುತ್ತದೆ ಅಂದರೆ ಹಾಡಿನ ಕೊರತೆಗಿಂತ ಕೂತು ಕೇಳಿದ್ದು ಕಡಿಮೆ ಅಂತ ನನಗೆ ಅನಿಸುತ್ತದೆ. ಬಸ್ಸಿನ ಸದ್ದಿನಲ್ಲಿ, ಸಣ್ಣ ಇಯರ್‌ಫೋನ್‌ನಲ್ಲಿ ಬೇಸ್ ಎಲ್ಲಿ ಕೇಳುತ್ತದೆ? ಬೇಸ್ ಕೇಳದಿದ್ದರೆ ಈ ಥರದ ಸಂಗೀತದಲ್ಲಿ ಉಳಿಯೋದು ಏನು? ಒಂದು ಆಲ್ಬಮ್ ಹಿಡಿದರೆ ವಾರವೆಲ್ಲ ಅದನ್ನೇ ಕೇಳಿ. ಎರಡನೇ ದಿನಕ್ಕೆ ಡ್ರಮ್ ಬೇರೆ ಕೇಳುತ್ತದೆ, ನಾಲ್ಕನೇ ದಿನಕ್ಕೆ ಹಿಂದೆ ಅಡಗಿ ಕೂತ ಇನ್ನೊಂದು ಗಿಟಾರ್ ಸಿಗುತ್ತದೆ.

ಸಪ್ತಾಪುರದ ತಮ್ಮಾ, ಲೇಬಲ್ ಅಂದರೆ ಘರಾನಾ ಅಂದೆಯಲ್ಲ, ಅದನ್ನು ನಾನು ಒಪ್ಪೋದಿಲ್ಲ. ಗುರು ಶಿಷ್ಯನನ್ನು ವರ್ಷಗಟ್ಟಲೆ ಎದುರಿಗೆ ಕೂರಿಸಿಕೊಂಡು ಒಂದೇ ಸ್ವರ ತಿದ್ದುತ್ತಾನೆ. ಲೇಬಲ್ ಅಂದರೆ ವ್ಯಾಪಾರ, ಎರಡನೇ ರೆಕಾರ್ಡ್ ಮಾರಾಟ ಆಗದಿದ್ದರೆ ಕೈ ಬಿಟ್ಟಿತು.

ಇನ್ನು ಸಿಂಥ್ ಅಂದರೆ ಶೆಫೀಲ್ಡ್, ಮ್ಯಾಂಚೆಸ್ಟರ್ ಅಂತೀರಿ. 1969ರಲ್ಲೇ ಅಹಮದಾಬಾದಿನ ಎನ್‌ಐಡಿ ಅನ್ನುವ ವಿನ್ಯಾಸ ಸಂಸ್ಥೆಯಲ್ಲಿ ಮೂಗ್ ಕಂಪನಿಯ ಸಿಂಥಸೈಜರ್ ಕೂತಿತ್ತು, ನಮ್ಮವರೇ ಅದರಲ್ಲಿ ಕೆಲಸ ಮಾಡಿ ಟೇಪ್ ತುಂಬಿಸಿದ್ದರು. ಆ ಟೇಪ್‌ಗಳು 2023ರಲ್ಲಿ ಆಲ್ಬಮ್ ಆಗಿ ಹೊರಗೆ ಬಂದವು. 1982ರಲ್ಲಿ ಮುಂಬೈಯ ಚರಣಜಿತ್ ಸಿಂಗ್, ಸಿನಿಮಾ ಹಾಡಿಗೆ ವಾದ್ಯ ನುಡಿಸಿ ಹೊಟ್ಟೆ ಹೊರೆಯುತ್ತಿದ್ದವರು, ರೋಲ್ಯಾಂಡ್ ಕಂಪನಿಯ 303 ಬೇಸ್ ಯಂತ್ರ, 808 ಡ್ರಮ್ ಮೆಷಿನ್ ಮತ್ತು ಜುಪಿಟರ್ 8 ಸಿಂಥ್ ಇಟ್ಟುಕೊಂಡು ಹತ್ತು ರಾಗ ನುಡಿಸಿದರು. ಭೈರವ, ಲಲತ, ತೋಡಿ, ಯಮನ್, ಮಾಲಕಂಸ ಎಲ್ಲಾ ಇವೆ. ಆಗ ಯಾರೂ ಕೇಳಲಿಲ್ಲ. ಅದೇ 303 ಯಂತ್ರ ಹಿಡಿದು ಶಿಕಾಗೋದ ಹುಡುಗರು ಆ್ಯಸಿಡ್ ಹೌಸ್ ಅನ್ನುವ ಕುಣಿತದ ಸಂಗೀತ ಮಾಡಿದ್ದು ಅದಾದ ಮೇಲೆ. 2010ರಲ್ಲಿ ಹಾಲೆಂಡಿನ ಒಂದು ಸಣ್ಣ ಲೇಬಲ್ ಮತ್ತೆ ತಂದಾಗ ಜಗತ್ತು ಬಾಯಿ ತೆರೆದು ನೋಡಿತು. ರಾಗ ಗೊತ್ತಿರುವ ನಾವು ಅದನ್ನು ಕೇಳಿದರೆ ಬೇರೆಯವರಿಗಿಂತ ಜಾಸ್ತಿ ಸಿಗುತ್ತದೆ. ಲಲತದ ಎರಡು ಮಧ್ಯಮ ಆ ಯಂತ್ರದಲ್ಲಿ ಹೇಗೆ ಜಾರುತ್ತವೆ ಅಂತ ಕೇಳಿ ನೋಡಿ.

ಸಪ್ತಾಪುರ_ಸಿಂಥ್

ಸರ್, ಗುರು-ಶಿಷ್ಯ ಅನ್ನೋ ಅರ್ಥದಲ್ಲಿ ಅಲ್ಲ, ಕೇಳುಗನಿಗೆ ದಾರಿ ಸಿಗುತ್ತದೆ ಅನ್ನೋ ಅರ್ಥದಲ್ಲಿ ಹೇಳಿದ್ದು. ಆದರೂ ಎಲ್ಲಾ ಲೇಬಲ್ ವ್ಯಾಪಾರಕ್ಕೇ ಕೂತಿವೆ ಅಂದರೆ ಅನ್ಯಾಯ ಆಗುತ್ತದೆ. ಫ್ಯಾಕ್ಟರಿಯವರು ಹಾಡಿನ ಹಕ್ಕೆಲ್ಲ ಸಂಗೀತಗಾರರದೇ ಅಂತ ಒಪ್ಪಂದ ಬರೆದರು, 1992ರಲ್ಲಿ ದಿವಾಳಿಯೂ ಆದರು. ಬ್ರಿಸ್ಟಲ್‌ನಲ್ಲಿ ಸಾರಾ ರೆಕಾರ್ಡ್ಸ್ ಅಂತ ಇತ್ತು, 1987ರಲ್ಲಿ ಶುರು, 1995ರಲ್ಲಿ ನೂರನೇ ನಂಬರಿಗೆ ಬಂದ ಕೂಡಲೇ ಸಾಕು ಅಂತ ತಾವಾಗಿಯೇ ಬಾಗಿಲು ಹಾಕಿದರು. ಯಾವ ಅಂಗಡಿಯವನು ಹಾಗೆ ಮಾಡುತ್ತಾನೆ ಹೇಳಿ ಸರ್.

ವಾರಕ್ಕೊಂದು ಆಲ್ಬಮ್ ಅನ್ನೋದನ್ನು ಒಪ್ಪುತ್ತೇನೆ. ಇಯರ್‌ಫೋನ್ ಮಾತನ್ನೂ. ಚರಣಜಿತ್ ಸಿಂಗ್ ಬಗ್ಗೆ ನೀವು ಮೊದಲೇ ಹೇಳಿಬಿಟ್ಟಿರಿ, ನಾನು ಇಟ್ಟುಕೊಂಡಿದ್ದೆ.

ಗಿರ್ಮಿಟ್_ಪ್ಲೀಸ್

ಇಬ್ಬರೂ ಧಾರವಾಡದವರು, ಹಾಗಾಗಿ ಇದು ಇವತ್ತಿಗೆ ಮುಗಿಯೋದಿಲ್ಲ. ನಾನು ಮಿರ್ಚಿ ತಂದು ಕೂರುತ್ತೇನೆ.

ಉಣಕಲ್_ಆಂಪ್

ಊರಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ನಾನು ಹುಬ್ಬಳ್ಳಿಯಲ್ಲಿ ಬೇಸ್ ಬಾರಿಸುತ್ತೇನೆ. ಬ್ಯಾಂಡ್ ಇದೆ, ಹೆಸರು ಹೇಳೋದಿಲ್ಲ, ಹೇಳುವಷ್ಟು ಹಾಡೂ ಇಲ್ಲ.

ಇಲ್ಲಿ ನಮ್ಮ ಥರದವರಿಗೆ ಅಂತ ಒಂದು ಖಾಯಂ ಜಾಗ ನನ್ನ ಕಣ್ಣಿಗೆ ಬಿದ್ದಿಲ್ಲ. ಕಾಲೇಜು ಫೆಸ್ಟ್ ಇರುತ್ತವೆ, ಅಲ್ಲಿ ಎಲ್ಲರಿಗೂ ಗೊತ್ತಿರುವ ಸಿನಿಮಾ ಹಾಡು ಬಾರಿಸಿದರೆ ಶಿಳ್ಳೆ, ಸ್ವಂತದ್ದು ಶುರು ಮಾಡಿದರೆ ಮಂದಿ ಪಾನಿಪುರಿ ಕಡೆ ಹೊರಡುತ್ತಾರೆ. ಕೆಫೆಯವರು ಕರೆಯುತ್ತಾರೆ, ಆದರೆ ಡ್ರಮ್ಸ್ ಬೇಡ, ಸೌಂಡ್ ಕಡಿಮೆ ಇಡಿ ಅಂತಾರೆ. ಕೊನೆಗೆ ಒಬ್ಬ ಗಿಟಾರ್ ಹಿಡಿದು ಕೂತು ಮೆಲ್ಲಗೆ ಹಾಡುವುದೇ ಆಗುತ್ತದೆ. ಪ್ರಾಕ್ಟೀಸ್ ಮಾಡಲಿಕ್ಕೆ ಒಬ್ಬರ ಗೋಡೌನ್ ಸಿಕ್ಕಿದೆ, ಅದೂ ಮಾಲು ಕಡಿಮೆ ಇದ್ದ ದಿನ ಮಾತ್ರ.

ಎಲೆಕ್ಟ್ರಾನಿಕ್ ಮಾಡುವ ಹುಡುಗರು ನಿಮಗೆ ಕಾಣೋದಿಲ್ಲ ಅಷ್ಟೇ, ಇದ್ದಾರೆ. ಹಾಸ್ಟೆಲ್ ರೂಮಿನಲ್ಲಿ ಒಂದು ಲ್ಯಾಪ್‌ಟಾಪ್, ಹೆಡ್‌ಫೋನ್, ಮುಗಿಯಿತು. ಅವರಿಗೆ ಡ್ರಮ್ಸ್ ಹೊರುವ ಕಷ್ಟ ಇಲ್ಲ. ಯಾರು ಬೇಕಾದರೂ ತಮ್ಮ ಹಾಡು ಹಾಕಬಹುದಾದ ಸೌಂಡ್‌ಕ್ಲೌಡ್ ಸೈಟಿನಲ್ಲಿ ಹುಬ್ಬಳ್ಳಿ, ಧಾರವಾಡ ಅಂತ ಬೇರೆ ಬೇರೆ ಸ್ಪೆಲ್ಲಿಂಗ್ ಹಾಕಿ ಹುಡುಕಿ. ಹೆಚ್ಚಿನದು ಡಿಜೆ ಮಿಕ್ಸ್, ಜಾತ್ರೆ ರಿಮಿಕ್ಸ್ ಬರುತ್ತವೆ. ಅವನ್ನೂ ತಳ್ಳಿಹಾಕಬೇಡಿ, ಆ ಬೇಸ್ ಹಚ್ಚುವವರಿಗೆ ಸ್ಪೀಕರ್ ಬಗ್ಗೆ ನಮಗಿಂತ ಜಾಸ್ತಿ ಗೊತ್ತು. ನಡುವೆ ಎಲ್ಲೋ ಒಂದು ಸ್ವಂತದ್ದು ಸಿಗುತ್ತದೆ. ಸಿಕ್ಕರೆ ಕಾಮೆಂಟ್ ಹಾಕಿ, ಆ ಹುಡುಗನಿಗೆ ಅದೇ ಮೊದಲ ಕಾಮೆಂಟ್ ಇರಬಹುದು.

ನೇರ ಕೇಳಬೇಕಾದರೆ ಬೆಂಗಳೂರು, ಪುಣೆ, ಗೋವಾ. ಮೂರೂ ನಮಗೆ ಒಂದು ರಾತ್ರಿಯೊಳಗಿನ ದಾರಿ, ಈ ವಿಷಯದಲ್ಲಿ ಹುಬ್ಬಳ್ಳಿ ಒಳ್ಳೇ ಜಾಗದಲ್ಲಿದೆ. ಹೋಗದಿದ್ದರೂ ಉಪಯೋಗ ಇದೆ. ಪುಣೆಯಲ್ಲಿ 2010ರಲ್ಲಿ ಶುರುವಾದ ಎನ್‌ಎಚ್7 ವೀಕೆಂಡರ್, ಅರುಣಾಚಲದ ಜೀರೋ ಫೆಸ್ಟಿವಲ್, ರಾಜಸ್ಥಾನದ ಮ್ಯಾಗ್ನೆಟಿಕ್ ಫೀಲ್ಡ್ಸ್, ಇವುಗಳ ಹಳೆಯ ಪೋಸ್ಟರ್ ತೆಗೆಯಿರಿ. ಮೇಲಿನ ದಪ್ಪ ಅಕ್ಷರದ ಹೆಸರು ಬಿಡಿ, ಕೆಳಗೆ ಕಣ್ಣು ಕಿರಿದು ಮಾಡಿ ಓದುವಂಥ ಹೆಸರು ಇರುತ್ತವಲ್ಲ, ಅವನ್ನು ಒಂದೊಂದಾಗಿ ಹುಡುಕಿ. ಆ ಸಾಲನ್ನೂ ಯಾರೋ ಕೇಳಿ ಆರಿಸಿರುತ್ತಾರೆ. ಚೆನ್ನೈನ ಎಫ್16ಸ್, ಕೋಲ್ಕತ್ತದ ಪಾರೇಖ್ ಅಂಡ್ ಸಿಂಗ್, ಮುಂಬೈಯ ಸ್ಯಾಂಡ್ಯೂನ್ಸ್ ಇವರನ್ನೆಲ್ಲ ಈಗಲೇ ಕೇಳಿ ಇಡಿ, ಪೋಸ್ಟರ್ ಓದುವಾಗ ಯಾವ ಕಡೆ ಹೋಗಬೇಕು ಅಂತ ತಿಳಿಯುತ್ತದೆ.

ಸೇರುವ ವಿಷಯ. ನನ್ನ ಹತ್ತಿರ ಒಂದು ಜೋಡಿ ಸ್ಪೀಕರ್ ಇದೆ, ಮಾಸ್ತರರು ಕೇಳಿದ ಬೇಸ್ ಬರುತ್ತದೆ. ಜಾಗ ಯಾರಾದರೂ ಕೊಟ್ಟರೆ ತರುತ್ತೇನೆ. ಒಬ್ಬೊಬ್ಬರು ಒಂದೇ ಆಲ್ಬಮ್ ತರುವುದು, ಬೇರೆಯವರಿಗೆ ಗೊತ್ತಿಲ್ಲದ್ದು ಆಗಿರಬೇಕು.

ಸಪ್ತಾಪುರ_ಸಿಂಥ್

ನನ್ನ ಮನೆಯ ಮಹಡಿ ಇದೆ. ಮನೆ ಮಾಲೀಕರು ಮೇಲೆ ಇಲ್ಲ, ಆದರೆ ಎಂಟು ಗಂಟೆಗೆ ಬಂದ್ ಮಾಡಬೇಕು. ಭಾನುವಾರ ಮಧ್ಯಾಹ್ನ ಮೂರಕ್ಕೆ ಶುರು ಮಾಡೋಣ. ಜಾಗ ಎಲ್ಲಿ ಅಂತ ಮೆಸೇಜ್‌ನಲ್ಲಿ ಕಳಿಸುತ್ತೇನೆ, ಇಲ್ಲಿ ಹಾಕೋದಿಲ್ಲ.

ಮಾಳಮಡ್ಡಿ_ಮಾಸ್ತರ

ಬರುತ್ತೇನೆ. ಒಂದು ಕರಾರು, ಹಾಡು ನಡೆಯುವಾಗ ಯಾರೂ ಮಾತಾಡಬಾರದು, ಮೊಬೈಲ್ ತೆಗೆಯಬಾರದು. ಚರಣಜಿತ್ ಸಿಂಗ್ ನಾನೇ ತರುತ್ತೇನೆ, ಸಪ್ತಾಪುರದವರು ಬೇರೆ ನೋಡಿಕೊಳ್ಳಲಿ.

ಗದಗ_ಪ್ಯಾಸೆಂಜರ್

ನಾನೂ ಬರುತ್ತೇನೆ, ತಂಗಿಯೂ ಇರುತ್ತಾಳೆ. ಆರೂವರೆಗೆ ಎದ್ದುಬಿಡುತ್ತೇವೆ, ಗದಗಿಗೆ ಬಸ್ಸು ಹಿಡಿಯಬೇಕು. ನಮ್ಮದನ್ನು ಮೊದಲು ಹಚ್ಚಿ. ಆಲ್ಟಿನ್ ಗ್ಯುನ್ ತರುತ್ತಿಲ್ಲ, ಅದನ್ನು ಇಲ್ಲಿ ಹೇಳಿಬಿಟ್ಟೆನಲ್ಲ.

ನವನಗರ_ನಾಯ್ಸ್

ನಾನು ಏನು ತರಲಿ? ನನಗೆ ಗೊತ್ತಿರುವುದೆಲ್ಲ ನಿಮಗೆ ಗೊತ್ತಿದೆ.

ಹಾವೇರಿ_ಏಲಕ್ಕಿ

ಇನ್ನೂ ನಾಲ್ಕು ದಿನ ಇದೆ. ಆ ಪುಟ್ಟ ಚಿತ್ರಗಳನ್ನು ಒತ್ತಲಿಕ್ಕೆ ಶುರು ಮಾಡಿ. ನನ್ನ ಪೋಲೆಂಡಿನವನನ್ನು ಮಾತ್ರ ಬಿಡಿ, ಅವನು ನನ್ನವನು.